ಪುದೀನದ ಎಲೆಯೊಳಗೆ ಅಡಗಿಕೊಂಡ ತಂಪು

ಲೋಕ ಇನ್ನೂ ಹೊಸದಾಗಿದ್ದಾಗ ನಡೆದದ್ದು ಇದು. ಎಷ್ಟು ವರ್ಷದ ಹಿಂದೆ ಎಂದು ಕೇಳಬೇಡ, ಮಗು. ವರ್ಷ ಎಣಿಸುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ನದಿ ತನ್ನ ದಾರಿಯನ್ನು ಪೂರ್ತಿ ಕಲಿತಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು, ನೀರೂ ಮಾತಾಡುತ್ತಿತ್ತು. ಬೆಂಕಿಯೂ ಮಾತಾಡುತ್ತಿತ್ತು. ಬೆಂಕಿ ಬಾಯಿ ತೆರೆದಾಗ ಮಾತ್ರ ಉಳಿದವರೆಲ್ಲ ಸುಮ್ಮನಾಗುತ್ತಿದ್ದರು.

ಏಕೆಂದರೆ ಬೆಂಕಿ ಆಗಷ್ಟೇ ಮನೆಗಳಿಗೆ ಬಂದಿದ್ದ. ಕಾಡಿನಲ್ಲಿ ಮನಸ್ಸು ಬಂದಂತೆ ಅಲೆಯುತ್ತಿದ್ದವನನ್ನು ಜನ ಕರೆತಂದು, ಮೂರು ಕಲ್ಲುಗಳ ನಡುವೆ ಕೂರಿಸಿ, ಒಲೆಯಪ್ಪ ಎಂದು ಹೆಸರಿಟ್ಟರು. ಅವನಿಗೂ ಜನರಿಗೂ ಒಂದು ಮಾತಾಗಿತ್ತು. ಅಡುಗೆಯ ಮೊದಲ ತುತ್ತು ಒಲೆಯಪ್ಪನಿಗೆ. ಆ ತುತ್ತನ್ನು ಯಾರೂ ಬಾಯಿಗೆ ಮುಟ್ಟಿಸಬಾರದು. ಅಷ್ಟನ್ನು ಅವರು ನಡೆಸಿದರೆ, ಒಲೆಯಪ್ಪ ಮೂರು ಕಲ್ಲು ದಾಟಿ ಹೊರಗೆ ಬರಬಾರದು.

ಅವರು ನಡೆಸಿದರು. ಅವನೂ ನಡೆಸಿದ. ಮಾತು ಎಂದರೆ ಹಾಗೆ, ಎರಡೂ ಕಡೆಯಿಂದ ನಡೆಯಬೇಕು.

ಬಯಲಿನಾಚೆ, ನದಿಯಿಂದ ಸ್ವಲ್ಪ ದೂರದಲ್ಲಿ ಒಂದು ಗುಡಿಸಲಿತ್ತು. ಅಲ್ಲಿ ಹಾಲವ್ವ ಎಂಬ ಹೆಂಗಸು, ಅವಳ ಅತ್ತೆ ಕರಿಯಜ್ಜಿ, ಹಾಲವ್ವನ ಮಗಳು ಚೆನ್ನಿ, ಮೂವರಿದ್ದರು. ಚೆನ್ನಿಗೆ ಆಗ ಮುಂದಿನ ಎರಡು ಹಲ್ಲು ಬಿದ್ದು ಹೊಸ ಹಲ್ಲು ಇಣುಕುತ್ತಿತ್ತು. ನಿನ್ನಷ್ಟೇ ದೊಡ್ಡವಳು ಎಂದುಕೋ.

ಆ ಕಾಲದ ಮಕ್ಕಳಿಗೂ ಒಂದು ಉಂಡೆ ಸಿಕ್ಕರೆ ಹಂಚಿಕೊಂಡು ತಿನ್ನುವ ಅಭ್ಯಾಸವಿತ್ತು. ನೇರವಾಗಿ ಕಚ್ಚಿದರೆ ಎಂಜಲಾಗುತ್ತದೆ. ಅದಕ್ಕೆ ಲಂಗದ ಅಂಚನ್ನು ಉಂಡೆಯ ಮೇಲೆ ಮುಚ್ಚಿ, ಬಟ್ಟೆಯ ಮೇಲಿನಿಂದ ಕಚ್ಚಿ ಮುರಿಯುತ್ತಿದ್ದರು. ಅದಕ್ಕೆ ಗುಬ್ಬಿ ಎಂಜಲು ಎನ್ನುತ್ತಿದ್ದರು. ಗುಬ್ಬಿ ಎಂಜಲು ಎಂಜಲಲ್ಲ. ಅದು ಮಕ್ಕಳು ಮಕ್ಕಳಲ್ಲೇ ಮಾಡಿಕೊಂಡಿದ್ದ ನಿಯಮ.

ಒಂದು ಬೆಳಗ್ಗೆ ಹಾಲವ್ವ ಜೇನು ಬೆರೆಸಿ ಸಜ್ಜೆ ಹಿಟ್ಟಿನ ಉಂಡೆ ಕಟ್ಟಿದಳು. ಮೊದಲ ಉಂಡೆಯನ್ನು ಮಗಳ ಕೈಗೆ ಕೊಟ್ಟು, "ಒಲೆಯಪ್ಪನಿಗೆ ಹಾಕಿ ಬಾ, ಚೆನ್ನಿ. ಬಾಯಿಗೆ ಮುಟ್ಟಿಸೀಯ, ಜೋಕೆ" ಎಂದಳು.

ಉಂಡೆ ಘಮಘಮ ಎನ್ನುತ್ತಿತ್ತು. ಚೆನ್ನಿ ಒಲೆಯ ಮುಂದೆ ನಿಂತಳು. ಅತ್ತ ನೋಡಿದಳು, ಇತ್ತ ನೋಡಿದಳು. ಲಂಗದ ಅಂಚನ್ನು ಉಂಡೆಯ ಮೇಲೆ ಮುಚ್ಚಿ, ಕಟಕ್ ಎಂದು ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ಒಲೆಗೆ ಎಸೆದಳು.

ಆದರೆ ಬಟ್ಟೆ ತೆಳುವಾಗಿತ್ತು. ಬಾಯಿಯ ಒದ್ದೆ ಅದರಿಂದ ಇಳಿದು ಉಂಡೆಗೆ ತಗಲಿತ್ತು.

ಉರಿ ಗಕ್ಕನೆ ನಿಂತಿತು. ಒಂದು ಕಿಡಿಯೂ ಅಲುಗಲಿಲ್ಲ.

"ಇದೇನಿದು?" ಎಂದ ಒಲೆಯಪ್ಪ, ಬಹಳ ಮೆಲ್ಲಗೆ. "ನೀರು ನನಗೆ ಗೊತ್ತು. ನೀರು ನನ್ನನ್ನು ಕೊಲ್ಲುತ್ತದೆ. ಇದೂ ಒದ್ದೆಯೇ, ಆದರೆ ಕೊಲ್ಲಲಿಲ್ಲ. ಇದಕ್ಕೆ ಜೀವ ಇದೆ. ಇದು ಸಿಹಿಯಾಗಿದೆ. ಇದು ಯಾರ ಬಾಯಿಯದು?"

"ಬಾಯಿ ತಗಲೇ ಇಲ್ಲ, ಒಲೆಯಪ್ಪ" ಎಂದಳು ಚೆನ್ನಿ. "ಬಟ್ಟೆ ಮುಚ್ಚಿ ಕಚ್ಚಿದ್ದು. ಗುಬ್ಬಿ ಎಂಜಲು. ಬೇಕಾದ್ರೆ ಯಾರನ್ನಾದ್ರೂ ಕೇಳು."

"ಗುಬ್ಬಿ ನನ್ನ ಹತ್ತಿರ ಬಂದು ಏನೂ ಹೇಳಿಲ್ಲ" ಎಂದ ಒಲೆಯಪ್ಪ. "ನನಗೆ ಮಾತು ಕೊಟ್ಟವರು ನೀವು. ಮುರಿದವರೂ ನೀವು. ಇನ್ನು ನನಗೆ ಈ ಕಲ್ಲುಗಳೇಕೆ?"

ಒಂದು ಕಿಡಿ ಮೂರು ಕಲ್ಲು ದಾಟಿ ಹಾರಿತು. ಚೆನ್ನಿ ಕೂಗಲೆಂದು ಬಾಯಿ ತೆರೆದಳು. ಕಿಡಿ ಸೀದಾ ಒಳಗೆ ಹೋಗಿ ನಾಲಿಗೆಯ ಕೆಳಗೆ ಕೂತುಬಿಟ್ಟಿತು.

ಹಾಲವ್ವ ಓಡಿಬಂದಳು. ಮಗಳ ಬಾಯಿಯಲ್ಲಿ ಕೆಂಪಗೆ ಏನೋ ಮಿನುಗುತ್ತಿತ್ತು. ನೀರು ಕುಡಿಸಿದಳು. ನೀರು ಚೊರ್ ಎಂದು ಹಬೆಯಾಗಿ ಮೂಗಿನಿಂದ ಹೊರಬಂತು. ಹಾಲು ಕುಡಿಸಿದಳು. ಹಾಲು ಗಂಟಲಿಗೆ ಇಳಿಯುವ ಮೊದಲೇ ಹಿಂಗಿಹೋಯಿತು.

ಮಗಳ ಬಾಯಿಯೊಳಗಿಂದ ಒಲೆಯಪ್ಪನ ದನಿ ಬಂತು.

"ಸುಮ್ಮನೆ ಕಷ್ಟಪಡಬೇಡ, ಹಾಲವ್ವ. ಜೀವವಿರುವ ಒದ್ದೆಯನ್ನು ಕುಡಿದವನನ್ನು ಇನ್ನು ನೀರು ಕೊಲ್ಲಲಾರದು. ಇವಳ ಬಾಯಿಯ ತಂಪನ್ನು ತೊಟ್ಟು ತೊಟ್ಟಾಗಿ ಕುಡಿಯುತ್ತೇನೆ. ನಮ್ಮಣ್ಣ ಸೂರ್ಯ ನಡುನೆತ್ತಿಗೆ ಬರಲಿ. ನಿನ್ನ ನೆರಳು ನಿನ್ನ ಕಾಲಡಿಗೆ ಸೇರುತ್ತಲೇ ಕೊನೆಯ ತೊಟ್ಟು ಮುಗಿದಿರುತ್ತದೆ. ಆಮೇಲೆ ಉಸಿರು."

ಹಾಲವ್ವ ಹೊರಗೆ ಬಂದು ತನ್ನ ನೆರಳು ನೋಡಿಕೊಂಡಳು. ಅದು ಆಳುದ್ದ ಬಿದ್ದಿತ್ತು.

"ನಾನು ಇವಳ ಹತ್ತಿರ ಕೂತಿರ್ತೀನಿ. ನೀನು ನದಿ ಹತ್ತಿರ ಓಡು" ಎಂದಳು ಕರಿಯಜ್ಜಿ. "ನೀರಿನ ಮನೆಯವಳು ಅವಳು. ಏನಾದ್ರೂ ದಾರಿ ಗೊತ್ತಿರ್ತದೆ. ನಿಂತು ಅಳಬೇಡ, ಅಳೋಕೆ ಹೊತ್ತಿಲ್ಲ. ಓಡೇ!"

ಹಾಲವ್ವ ಬಯಲು ದಾಟಿ ಓಡಿದಳು.

"ತಾಯಿ, ನನ್ನ ಮಗಳ ಬಾಯಲ್ಲಿ ಉರಿ ಕೂತಿದೆ. ನೀನು ಬರ್ತೀಯಾ?"

ನದಿ ದಡದಿಂದ ಒಂದು ಹೆಜ್ಜೆ ಹಿಂದೆ ಸರಿಯಿತು. "ನಾನು ಬಂದರೆ ಹಬೆಯಾಗಿಬಿಡ್ತೀನಿ ಮಗಳೆ. ನಿನಗೆ ಬೇಕಾಗಿರೋದು ನೀರಲ್ಲ, ತಂಪು. ತಂಪು ಬೇರೆ, ನಾನು ಬೇರೆ. ಅವಳು ಆಗಾಗ ನನ್ನಲ್ಲಿಗೆ ಬಂದು ಹೋಗ್ತಾಳೆ, ಅಷ್ಟೆ. ಆ ಬಂಡೆಯ ಸಂದಿ ನೋಡು. ಬಿಸಿಲು ಒಂದು ದಿನವೂ ಒಳಗೆ ಹೋಗಿಲ್ಲ. ಅವಳ ಮನೆ ಅದೇ."

ಹಾಲವ್ವ ಸಂದಿಗೆ ಬಾಯಿಟ್ಟು ಕರೆದಳು. ಒಳಗಿಂದ ನಡುಗುವ ದನಿ ಬಂತು.

"ಯಾರು?"

"ನಾನವ್ವ, ಹಾಲವ್ವ. ನನ್ನ ಮಗಳು ಸಾಯ್ತಾಳೆ. ನೀನು ಬಂದರೆ ಉಳೀತಾಳೆ."

"ಹೇಗೆ ಬರಲಿ?" ಎಂದಳು ತಂಪು. "ನಿನ್ನ ಮನೆಗೂ ಇಲ್ಲಿಗೂ ನಡುವೆ ಬಟ್ಟಬಯಲು. ಬಿಸಿಲಿಗೆ ಕಾಲಿಟ್ಟರೆ ಸೂರ್ಯ ನನ್ನನ್ನು ನೆಕ್ಕಿಬಿಡುತ್ತಾನೆ. ಯಾರಾದರೂ ತಮ್ಮ ಮೈಯೊಳಗೆ ನನ್ನನ್ನು ಬಚ್ಚಿಟ್ಟುಕೊಂಡರೆ ಬರುತ್ತೇನೆ. ಯಾರು ಬಚ್ಚಿಟ್ಟುಕೊಳ್ಳುತ್ತಾರೆ, ಹೇಳು?"

ಅಷ್ಟರಲ್ಲಿ ಒಲೆಯಪ್ಪನ ಆಳು ಬಿಸಿಗಾಳಿ ದಂಡೆಯುದ್ದಕ್ಕೂ ಸಾರಿಕೊಂಡು ಹೋಗಿದ್ದ. "ಕೇಳ್ರಪ್ಪೋ! ತಂಪನ್ನು ಒಳಗೆ ಸೇರಿಸಿಕೊಂಡವರನ್ನು ಬೇರುಸಹಿತ ಸುಡ್ತೀವಿ. ಉರಿಯನ್ನು ಸೇರಿಸಿಕೊಂಡವರ ತಂಟೆಗೆ ಬರೋದಿಲ್ಲ!"

ಹಾಲವ್ವ ಮೆಣಸಿನ ಗಿಡವನ್ನು ಕೇಳಿದಳು. ಮೆಣಸಿನಕಾಯಿ ಆಗಲೇ ಹೆದರಿ ಒಂದು ಕಿಡಿ ನುಂಗಿಯಾಗಿತ್ತು. "ಆ ಕಡೆ ಹೋಗವ್ವ, ನಾನು ಅವರ ಕಡೆಯವನು" ಎಂದಿತು. ಶುಂಠಿಯನ್ನು ಕೇಳಿದಳು. ಶುಂಠಿಯೂ ಒಂದು ಕಿಡಿ ನುಂಗಿ ಮಣ್ಣೊಳಗೆ ಮುಖ ಮುಚ್ಚಿಕೊಂಡಿತ್ತು. ಬೇವನ್ನು ಕೇಳಿದಳು. "ನನಗೆ ಅವರೂ ಬೇಡ, ನೀವೂ ಬೇಡ" ಎಂದು ಬೇವು ಮುಖ ಕಹಿ ಮಾಡಿಕೊಂಡಿತು.

ನೆರಳು ಈಗ ಮೊಳದಷ್ಟಿತ್ತು.

ನೀರಿನಂಚಿನ ಕೆಸರಿನಲ್ಲಿ ಒಂದು ಪುಟ್ಟ ಗಿಡವಿತ್ತು. ಅದಕ್ಕೆ ಹೆಸರಿರಲಿಲ್ಲ. ವಾಸನೆಯೂ ಇರಲಿಲ್ಲ. ನುಣ್ಣನೆಯ ಎಲೆ, ಮೆತ್ತನೆಯ ದಂಟು. ದನಗಳೂ ಅದನ್ನು ತಿರುಗಿ ನೋಡುತ್ತಿರಲಿಲ್ಲ. ಹಾಲವ್ವ ಕೇಳುವ ಮೊದಲೇ ಅದು ನಡುಗತೊಡಗಿತ್ತು.

"ನನಗೆ ತುಂಬ ಭಯ" ಎಂದಿತು.

"ಹಾಗಾದ್ರೆ ಬೇಡ ಬಿಡವ್ವ" ಎಂದಳು ಹಾಲವ್ವ. ಅವಳಿಗೆ ಅಳು ಬಂದುಬಿಟ್ಟಿತು.

"ಬೇಡ ಅಂದೆನಾ? ಭಯ ಅಂದೆ, ಅಷ್ಟೆ. ಅವಳನ್ನ ಬಾ ಅನ್ನು."

ತಂಪು ಬಂಡೆಯ ಸಂದಿಯಿಂದ ಇಣುಕಿದಳು. "ಮೊದಲು ನನಗೆ ಮಾತು ಕೊಡು. ನಾನು ಒಳಗಿದ್ದೇನೆಂದು ಯಾರಿಗೂ ಹೇಳಬಾರದು. ನೀನಾಗಿ ಬಾಗಿಲು ತೆಗೆಯಬಾರದು. ಉರಿ ಬೆದರಿಸಿದರೂ ತೆಗೆಯಬಾರದು. ಹಾಲವ್ವ ಬೇಡಿಕೊಂಡರೂ ತೆಗೆಯಬಾರದು."

"ಕೊಟ್ಟೆ" ಎಂದಿತು ಗಿಡ.

ತಂಪು ಬಂಡೆಯ ನೆರಳಿನಲ್ಲೇ ಸರಿದು ಬಂದು ಎಲೆಗಳೊಳಗೆ ಹೊಕ್ಕಳು. ಅಯ್ಯೋ, ಅದೆಂಥ ಚಳಿ! ನುಣ್ಣಗಿದ್ದ ಎಲೆಗಳೆಲ್ಲ ಮುದುರಿ ಸುಕ್ಕುಗಟ್ಟಿದವು. ಅಂಚು ಕಟಕಟ ಎಂದು ನಡುಗಿ ನಡುಗಿ ಹಲ್ಲುಹಲ್ಲಾಯಿತು. ಗಿಡ ಅದನ್ನು ತಡೆದುಕೊಂಡಿತು. ಹಾಲವ್ವ ತುದಿಯ ನಾಲ್ಕು ದಂಟು ಮುರಿದು ಮಡಿಲಲ್ಲಿ ಕಟ್ಟಿಕೊಂಡು ಬಯಲಿಗೆ ಇಳಿದಳು.

ಬಯಲಿನ ನಡುವೆ ಬಿಸಿಗಾಳಿ ಧೂಳೆಬ್ಬಿಸಿಕೊಂಡು ಅಡ್ಡ ಬಂದ.

"ಏಯ್ ಹೆಂಗಸೆ, ನಿಲ್ಲು. ಮಡಿಲಲ್ಲೇನು?"

"ಸೊಪ್ಪು."

"ಎಂಥ ಸೊಪ್ಪು?"

"ಹೆಸರು ಗೊತ್ತಿಲ್ಲಪ್ಪ. ಸಾರಿಗೆ."

"ಮಗಳು ಅಲ್ಲಿ ಬಾಯಿ ಬೆಂದು ಬಿದ್ದಿದಾಳೆ, ನಿನಗೆ ಸಾರಿನ ಯೋಚನೆಯಾ?"

"ಮನೇಲಿ ಅತ್ತೆ ಇದಾರಲ್ಲಪ್ಪ" ಎಂದಳು ಹಾಲವ್ವ. "ಊರು ಮುಳುಗಿದ್ರೂ ಅವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಸಾರು ಆಗಬೇಕು. ನೀನೇ ಒಂದು ದಿನ ತಪ್ಪಿಸಿ ನೋಡು. ಆ ಬಾಯಿ ಮುಂದೆ ನಿನ್ನ ಬಿಸಿ ಎಲ್ಲಿ ನಿಲ್ತದೆ!"

ಬಿಸಿಗಾಳಿ ಹೋಹೋ ಎಂದು ನಕ್ಕ. ನಕ್ಕವನು ಬಿಡಲಿಲ್ಲ. ಸೆರಗು ಸರಿಸಿ ಎಲೆಯನ್ನು ಮೂಸಿದ. ವಾಸನೆಯಿಲ್ಲ. ಎಲೆಯ ಬೆನ್ನು ಸವರಿದ. ತಂಪಿಲ್ಲ. ಎಲೆ ಬಾಯಿ ಬಿಗಿಹಿಡಿದಿತ್ತು. ತಂಪು ಒಳಗೆ ಉಸಿರು ಬಿಗಿಹಿಡಿದಿದ್ದಳು.

"ಒಳಗೆ ಯಾರಿದ್ದಾರೆ?" ಎಂದ ಬಿಸಿಗಾಳಿ.

ಎಲೆ ಮಾತಾಡಲಿಲ್ಲ.

"ಒಳಗೆ ಯಾರಿದ್ದಾರೆ, ಹೇಳು!"

ಎಲೆ ಮಾತಾಡಲಿಲ್ಲ.

ಬಿಸಿಗಾಳಿಗೆ ಸಿಟ್ಟು ಬಂತು. ಒಂದು ಎಲೆಯನ್ನು ಕಿತ್ತು ಕಾದ ನೆಲದ ಮೇಲೆ ಉರುಳಿಸಿದ. ಅದು ಬಾಡಿತು. ಕಪ್ಪಾಯಿತು. ಗರಿಗರಿಯಾಗಿ ಒಣಗಿತು. ಒಣಗಿದರೂ ಬಾಯಿ ಬಿಡಲಿಲ್ಲ. ಹಾಲವ್ವ ಅದನ್ನು ನೋಡುತ್ತ ನಿಂತಿದ್ದಳು. ಕಣ್ಣು ಮುಚ್ಚಿಕೊಂಡರೆ ಗಾಳಿಗೆ ಅನುಮಾನ ಬರುತ್ತದೆಂದು ಕಣ್ಣನ್ನೂ ಮುಚ್ಚಲಿಲ್ಲ.

"ಬರೀ ಸೊಪ್ಪು. ಹೋಗು, ಹೋಗು" ಎಂದ ಬಿಸಿಗಾಳಿ. ಆದರೂ ಅವನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಎಲ್ಲಿಂದ ಕಿತ್ತಳೋ ನೋಡೋಣ ಎಂದು ನದಿಯ ಕಡೆ ತಿರುಗಿದ. ಕೆಸರಿನಲ್ಲಿ ಮುರಿದ ದಂಟುಗಳ ಗಿಡ ಕಂಡಿತು. ಬುಡದ ತನಕ ಸುಟ್ಟುಬಿಟ್ಟ.

ಗಿಡ ಓಡಲಾರದು. ಆದರೆ ಕೆಸರು ಒದ್ದೆಯಾಗಿತ್ತು. ಅದು ಮಣ್ಣೊಳಗೆ ಮುಳುಗಿ, ಉಸಿರು ಬಿಡದೆ, ನೆಲದಡಿಯಲ್ಲೇ ತೆವಳುತ್ತ ತೆವಳುತ್ತ ಹೋಯಿತು. ಒಂದು ಗೇಣಿನಾಚೆ ತಲೆಯೆತ್ತಿತು. ಗಾಳಿ ಅಲ್ಲಿಗೂ ಬಂದ. ಮತ್ತೆ ಮುಳುಗಿತು, ಮತ್ತೆ ತೆವಳಿತು, ಇನ್ನೊಂದು ಕಡೆ ತಲೆಯೆತ್ತಿತು. ಸುಟ್ಟು ಸುಟ್ಟು ಬಿಸಿಗಾಳಿಗೇ ಸುಸ್ತಾಯಿತು.

ಇತ್ತ ಹಾಲವ್ವ ಗುಡಿಸಲು ತಲುಪುವಾಗ ನೆರಳು ನಾಲ್ಕು ಬೆರಳಿನಷ್ಟಿತ್ತು.

ಚೆನ್ನಿ ಚಾಪೆಯ ಮೇಲಿದ್ದಳು. ತುಟಿ ಬಿರಿದಿದ್ದವು. ಅವಳ ಉಸಿರು ತಗಲಿ ಚಾಪೆಯ ಅಂಚು ಕಂದಿತ್ತು. ಅವ್ವ ಎನ್ನಲು ಬಾಯಿ ತೆರೆದಳು. ಮಾತಿನ ಬದಲು ಹೊಗೆ ಬಂತು.

"ಬಂದೆಯಾ? ಒದ್ದೆ ಬಟ್ಟೆ ಹಾಕಿದೆ, ಒಣಗಿಹೋಯ್ತು. ಮತ್ತೆ ಹಾಕಿದೆ, ಸುಟ್ಟೇಹೋಯ್ತು" ಎಂದಳು ಕರಿಯಜ್ಜಿ. ಹಾಲವ್ವ ಆ ಮುದುಕಿಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಹಾಲವ್ವ ಒಂದು ಎಲೆಯನ್ನು ಮಗಳ ನಾಲಿಗೆಯ ಮೇಲೆ ಇಟ್ಟಳು.

ಏನೂ ಆಗಲಿಲ್ಲ.

ಬಾಯಿಯೊಳಗಿಂದ ಒಲೆಯಪ್ಪ ನಕ್ಕ. "ಎಲೆ ತಂದೆಯಾ? ಕಾಡುಕಾಡನ್ನೇ ತಿಂದವನು ನಾನು!" ಎಲೆಯ ಅಂಚು ಕೆಂಪಗಾಯಿತು. ಹಾಲವ್ವ ಗಾಬರಿಯಿಂದ ಅದನ್ನು ಎಳೆದುಕೊಂಡಳು.

"ಬಾಗಿಲು ತೆಗಿ" ಎಂದು ಬೇಡಿಕೊಂಡಳು. "ನಿನ್ನ ಕಾಲಿಗೆ ಬೀಳ್ತೀನಿ, ತೆಗಿ."

"ಮಾತು ಕೊಟ್ಟಿದೀನಿ" ಎಂದಿತು ಎಲೆ. "ನಾನಾಗಿ ತೆಗೆಯೋದಿಲ್ಲ."

"ನನ್ನ ಮಗು ಸಾಯ್ತಾ ಇದೆ!"

"ಗೊತ್ತು. ನಾನಾಗಿ ತೆಗೆಯೋದಿಲ್ಲ."

ನೆರಳು ಎರಡು ಬೆರಳಿನಷ್ಟಿತ್ತು. ಹಾಲವ್ವನ ಕೈ ಬೆವತು ಎಲೆ ಒದ್ದೆಯಾಯಿತು. ಎಲೆ ಬಹಳ ಸಣ್ಣ ದನಿಯಲ್ಲಿ ಹೇಳಿತು.

"ನಾನು ತೆಗೆಯಬಾರದು ಅಂತ ಮಾತು. ನೀನು ಒಡೀಬಾರದು ಅಂತ ಯಾರೂ ಹೇಳಿಲ್ಲ."

ಹಾಲವ್ವನಿಗೆ ಅರ್ಥವಾಯಿತು. "ನಿನಗೆ ನೋಯ್ತದಲ್ಲ."

"ನೋಯ್ತದೆ" ಎಂದಿತು ಎಲೆ.

"ಅಲ್ಲೇ, ಎಲೆ ಜೊತೆ ಪಂಚಾಯ್ತಿ ಮಾಡ್ಕೊಂಡು ನಿಂತಿದೀಯಲ್ಲೇ!" ಕರಿಯಜ್ಜಿ ಖಾರ ಅರೆಯುವ ಗುಂಡುಕಲ್ಲನ್ನು ತಂದು ಸೊಸೆಯ ಕೈಗೆ ತುರುಕಿದಳು. "ಹೊಡಿ. ನಾನು ಹೊಡೆಯೋಣ ಅಂದ್ರೆ ಈ ಕೈಯಲ್ಲಿ ಕಸುವಿಲ್ಲ. ಹೊಡಿಯೇ ನನ್ನವ್ವ."

ಹಾಲವ್ವ ಎಲೆಗಳನ್ನು ಚಪ್ಪಡಿಯ ಮೇಲಿಟ್ಟಳು. ಕಲ್ಲೆತ್ತಿದಳು. ತನಗಾಗಿ ಬಿಸಿಲು ದಾಟಿ ಬಂದ ಎಲೆಯ ಮೇಲೆ, ಒಂದು ಮಾತೂ ಆಡದೆ ತನ್ನನ್ನು ಕಾಪಾಡಿದ ಎಲೆಯ ಮೇಲೆ, ಆ ಕಲ್ಲನ್ನು ಇಳಿಸಿದಳು.

ಎಲೆ ಹರಿಯಿತು.

ಆಗ ಎದ್ದ ಪರಿಮಳ, ಮಗು, ಲೋಕದಲ್ಲಿ ಅದಕ್ಕೂ ಮೊದಲು ಇರಲಿಲ್ಲ. ಗುಡಿಸಲಿನ ಮೂಲೆಮೂಲೆಗೂ ಹೋಯಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ನಿಂತಿತು.

ಹೊರಗೆ ಬಿದ್ದ ತಂಪು ದಿಕ್ಕು ತೋಚದೆ ಸುತ್ತ ನೋಡಿದಳು. ಬಾಗಿಲಲ್ಲಿ ಬಿಸಿಲು. ಮೂಲೆಯಲ್ಲಿ ಒಲೆ. ಅವಳು ಧೈರ್ಯವಂತೆಯೇನೂ ಅಲ್ಲ. ಕತ್ತಲಿರುವ ಸಂದಿಯೊಂದು ಬೇಕಾಗಿತ್ತು, ಅಷ್ಟೆ. ಹಾಲವ್ವ ಜಜ್ಜಿದ ಎಲೆಯನ್ನು ಬಾಚಿ ಮಗಳ ಬಾಯಿಗೆ ಹಾಕಿದಳು. ಅಲ್ಲಿ ಕತ್ತಲಿತ್ತು. ತಂಪು ಒಂದೇ ಓಟಕ್ಕೆ ಅಲ್ಲಿಗೆ ನುಗ್ಗಿದಳು.

ನುಗ್ಗಿದರೆ, ಎದುರಿಗೇ ಉರಿ!

ತಂಪು ಕಿರುಚಿದಳು. ಉರಿಯೂ ಕಿರುಚಿದ. ಅವನು ನೀರನ್ನು ನೋಡಿದ್ದ, ಮಳೆಯನ್ನು ನೋಡಿದ್ದ. ಒದ್ದೆಯಿಲ್ಲದ ತಂಪನ್ನು ಎಂದೂ ನೋಡಿರಲಿಲ್ಲ. ಕುಡಿಯಲು ಹೋದರೆ ಕೈಗೆ ಸಿಗಲಿಲ್ಲ, ಸುಡಲು ಹೋದರೆ ಹತ್ತಿಕೊಳ್ಳಲಿಲ್ಲ. ಇಬ್ಬರಿಗೂ ಭಯವಾಯಿತು. ಉರಿಗೆ ಒಂದು ಗುಲಗಂಜಿಯಷ್ಟು ಹೆಚ್ಚು ಭಯವಾಯಿತು. ಅವನು ಚೆನ್ನಿಯ ತುಟಿ ದಾಟಿ ಹಾರಿ, ಮೂರು ಕಲ್ಲುಗಳ ನಡುವೆ ಬಿದ್ದು, ಬೂದಿ ಹೊದ್ದುಕೊಂಡ.

ಹೊರಗೆ ಸೂರ್ಯ ನೆತ್ತಿಯ ಮೇಲಿದ್ದ. ಯಾವುದಕ್ಕೂ ನೆರಳಿರಲಿಲ್ಲ.

ಚೆನ್ನಿ ಬಾಯಿತುಂಬ ಉಸಿರೆಳೆದುಕೊಂಡಳು. ಗಾಳಿ ತಣ್ಣಗೆ ಗಂಟಲಿಗಿಳಿಯಿತು, ಎದೆಗಿಳಿಯಿತು.

"ಅವ್ವ" ಎಂದಳು. ಹೊಗೆ ಬರಲಿಲ್ಲ.

ಕರಿಯಜ್ಜಿ ಮೊಮ್ಮಗಳ ತಲೆಗೆ ಒಂದು ಮೊಟಕಿದಳು. ಆಮೇಲೆ ತಬ್ಬಿಕೊಂಡಳು. ಮೊಟಕಿದ್ದೂ ಸರಿ, ತಬ್ಬಿಕೊಂಡದ್ದೂ ಸರಿ.

ಬೂದಿಯೊಳಗಿಂದ ಒಲೆಯಪ್ಪ ಹೇಳಿದ. "ಗೆದ್ದೆವೆಂದುಕೊಳ್ಳಬೇಡಿ. ನಾನು ಮೆಣಸಿನಕಾಯಿಯಲ್ಲಿ ಇದ್ದೇನೆ. ಶುಂಠಿಯಲ್ಲಿ ಇದ್ದೇನೆ. ಕಾದ ಎಣ್ಣೆಯಲ್ಲಿ, ಕುದಿಯುವ ಸಾರಿನಲ್ಲಿ ಇದ್ದೇನೆ. ಉಣ್ಣದೆ ಇರುತ್ತೀರಾ? ಒಂದಲ್ಲ ಒಂದು ತುತ್ತಿನ ಜೊತೆ ಒಳಗೆ ಬಂದೇ ಬರುತ್ತೇನೆ."

ಅವನು ಹೇಳಿದ್ದು ನಿಜ. ಹಾಲವ್ವನಿಗೂ ಅದು ಗೊತ್ತಿತ್ತು. ಅದಕ್ಕೇ ಅವಳು ಎಲೆ ತೆಗೆದ ಬರಿದಂಟುಗಳನ್ನು ಬಿಸಾಡಲಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಚುಚ್ಚಿದಳು. ತಾಯಿಗಿಡದಂತೆ ದಂಟುಗಳೂ ನೆಲದಡಿ ತೆವಳಿದವು. ತಿಂಗಳೊಪ್ಪತ್ತಿನಲ್ಲಿ ಹಿತ್ತಲೆಲ್ಲ ಹಬ್ಬಿದವು. ಅಕ್ಕಪಕ್ಕದ ಹೆಂಗಸರು ಒಂದೊಂದು ದಂಟು ಕೇಳಿಕೊಂಡು ಹೋದರು. ಆ ಗಿಡವೇ ಪುದೀನ.

ಬಿಸಿಗಾಳಿಗೆ ಹೇಳಿದ ಮಾತೂ ಸುಳ್ಳಾಗಬಾರದೆಂದು ಹಾಲವ್ವ ಅಂದೇ ಉಳಿದಿದ್ದ ನಾಲ್ಕು ಎಲೆಯನ್ನು ಸಾರಿಗೆ ಹಾಕಿದಳು. ಕರಿಯಜ್ಜಿ ಎರಡು ಸಲ ಬಡಿಸಿಕೊಂಡಳು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಅಂದಿನಿಂದ ಹಸಿಮೆಣಸಿನಕಾಯಿ ಅರೆಯುವಾಗ ಅದರ ಜೊತೆಗೆ ಪುದೀನವನ್ನೂ ಅರೆದು ಚಟ್ನಿ ಮಾಡುತ್ತಾರೆ, ಉರಿ ಒಬ್ಬನೇ ಒಳಗೆ ಹೋಗದಿರಲಿ ಎಂದು. ಮಸಾಲೆ ಅನ್ನಕ್ಕೆ ಹಿಡಿ ಎಲೆ ಹಾಕುತ್ತಾರೆ. ಬೇಸಿಗೆಯಲ್ಲಿ ಮಜ್ಜಿಗೆಗೆ ಜಜ್ಜಿ ಹಾಕುತ್ತಾರೆ. ಹೊಟ್ಟೆ ತೊಳಸಿದರೆ ಬಿಸಿನೀರಿಗೆ ನಾಲ್ಕು ಎಲೆ ಹಾಕಿ ಕುಡಿಸುತ್ತಾರೆ. ಎಲೆ ಸಿಗದ ಕಾಲಕ್ಕೆಂದು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಡುತ್ತಾರೆ. ಒಣಗಿದ ಎಲೆಯೂ ಪುಡಿ ಮಾಡುವ ತನಕ ಒಳಗಿನದನ್ನು ಬಿಟ್ಟುಕೊಡುವುದಿಲ್ಲ.

ಬೇಕಾದರೆ ಹಿತ್ತಲಿಗೆ ಹೋಗಿ ನೀನೇ ನೋಡು. ಒಂದು ಎಲೆ ಕಿತ್ತು, ತೊಳೆದು, ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೋ. ಅದು ಏನೂ ಹೇಳುವುದಿಲ್ಲ. ಈಗ ಅಗಿ. ಅಗಿದು, ಬಾಯಿ ತೆರೆದು ಉಸಿರೆಳೆದುಕೋ. ತಣ್ಣಗೆ ಏನೋ ನಾಲಿಗೆ ದಾಟಿ, ಗಂಟಲು ದಾಟಿ, ಎದೆಯ ತನಕ ಓಡುತ್ತದಲ್ಲವೇ? ಅದೇ ತಂಪು. ಉರಿ ನಿನ್ನೊಳಗೆ ಎಲ್ಲಾದರೂ ಕೂತಿದ್ದಾನೆಯೇ ಎಂದು ಇವತ್ತಿಗೂ ಹೆದರಿಕೊಂಡೇ ಒಂದೊಂದು ಸಂದಿಯನ್ನೂ ಹುಡುಕುತ್ತ ಹೋಗುತ್ತಾಳೆ.